ಎಣ್ಣೆ ಮತ್ತು ಉರಿಯೂಟ

ಸತ್ಯವನ್ನು ಎಷ್ಟು ಆಳಕ್ಕೆ ಒತ್ತಿ ಹಿಡಿದರೂ ಅದು ಕೊನೆಗೆ ಎಣ್ಣೆಯ ಹಾಗೆ ಮೇಲೆ ಬಂದೇ ಬರುತ್ತದೆ. ನಮ್ಮ ವಿಜ್ಞಾನ ಮಾಷ್ಟ್ರ ಬಿಳಿ ಅಂಗಿಯ ಜೇಬಿನ ಮೇಲೆ ಬರುತ್ತಿದ್ದುದು ಮಾತ್ರ ಬರೀ ಎಣ್ಣೆ. ಹೋಟೆಲಿಗೆ ಹೋದರೆ ಅವರು ಎಣ್ಣೆಯಲ್ಲಿ ಕರಿದ ಒಂದು ಗೋಳಿಬಜೆಯನ್ನು ಕಾಗದದಲ್ಲಿ ಒತ್ತಿ, ಕಲೆಯನ್ನು ಬೆಳಕಿಗೆ ಹಿಡಿದು, ಮೂಸಿ, "ಇದು ನಿನ್ನೆಯ ಎಣ್ಣೆ ಮಾರಾಯ್ರೇ" ಎಂದು ತೀರ್ಪು ಕೊಟ್ಟು, ಸಾಕ್ಷ್ಯವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಉಳಿದ ಗೋಳಿಬಜೆಗಳನ್ನು ತಿನ್ನುತ್ತಿದ್ದರು. ಪ್ಲೇಟು ಖಾಲಿ ಮಾಡದೆ ಏಳುವುದು ಹೋಟೆಲಿನವರಿಗೆ ಅವಮಾನವಂತೆ.

ಮೂಡುಬಿದಿರೆಯ ಒಂದು ಶಾಲೆಯಲ್ಲಿ ಅವರು ಜೀವಶಾಸ್ತ್ರಕ್ಕೆ, ನಾನು ಕನ್ನಡ ಪಂಡಿತ. ಪ್ರತಿ ಪಾಠದ ಕೊನೆಗೆ ಅವರು "ಪ್ರಶ್ನೆ ಉಂಟಾ?" ಎಂದು ಕೇಳುವುದು ಗೋಡೆಯಾಚೆಯ ನನ್ನ ತರಗತಿಗೂ ಕೇಳಿಸುತ್ತಿತ್ತು. ಉತ್ತರವಾಗಿ ಬರುತ್ತಿದ್ದುದು ಚೀಲಗಳ ಜಿಪ್ಪಿನ ಸದ್ದು. ನಿವೃತ್ತಿಯ ದಿನ ಕೊರಳಲ್ಲಿ ಹಾರ ಇರುವಾಗಲೇ, "ಪಂಡಿತರೇ, ಇಷ್ಟು ವರ್ಷದಲ್ಲಿ ಒಬ್ಬನೂ ಒಂದು ಪ್ರಶ್ನೆ ಕೇಳಲಿಲ್ಲ ನೋಡಿ" ಎಂದರು. ಹಾರ ಇನ್ನೂ ಬಾಡಿರಲಿಲ್ಲ, ಮುಖ ಬಾಡಿತ್ತು.

ಆಮೇಲೆ ಅವರ ಮೊಣಕಾಲು ಊದಿತು. ಬೇರೆಯವರಾದರೆ ಮುಲಾಮು ಹಚ್ಚುತ್ತಿದ್ದರು. ಇವರು ಓದಲು ಕೂತರು. ತಿನ್ನುವ ಎಣ್ಣೆಗೂ ಮೈಯೊಳಗಿನ ಊತಕ್ಕೂ ಸಂಬಂಧ ಉಂಟೆಂದು ಓದಿದ್ದೇ ತಡ, ಪುತ್ತಿಗೆಯ ಒಂದು ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನ ಉಪನ್ಯಾಸವೆಂದು ನಿಶ್ಚಯಿಸಿದರು.

"ಇನ್‌ಫ್ಲಮೇಶನ್‌ಗೆ ಕನ್ನಡದಲ್ಲಿ ಎಂಥ ಹೇಳುವುದು ಪಂಡಿತರೇ?"

"ಉರಿಯೂತ" ಎಂದೆ. ಅವರು ಮೊಣಕಾಲು ಸವರಿಕೊಂಡು, ಪದ ಸರಿಯಾಗಿದೆ ಎಂದು ಒಪ್ಪಿದರು.

ಕರಪತ್ರ ಅಚ್ಚಾದದ್ದು ಅವರ ಹಳೆಯ ಶಿಷ್ಯನೊಬ್ಬನ, ಬ್ಯಾರಿ ಸಾಹೇಬನ ಪ್ರೆಸ್ಸಿನಲ್ಲಿ. "ಎಣ್ಣೆ ಮತ್ತು ಉರಿಯೂಟ. ಸರ್ವರಿಗೂ ಸ್ವಾಗತ" ಎಂದಿತ್ತು.

"ಇದೆಂಥದು ಮಾರಾಯ?"

"ನೀವು 'ಊತ' ಅಂತ ಬರ್ದಿದ್ರಿ ಮಾಷ್ಟ್ರೇ. ವಯಸ್ಸಾಯ್ತಲ್ಲ, ಪಾಪ, ಕೈ ತಪ್ಪಿರ್ಬೇಕು ಅಂತ ನಾನೇ ಊಟ ಮಾಡಿದೆ. ನನ್ನ ಕಾಗುಣಿತ ನೀವು ಎಷ್ಟು ತಿದ್ದಿಲ್ಲ!"

ಗುರುಭಕ್ತಿಯನ್ನು ತಿದ್ದಲು ಕೆಂಪು ಶಾಯಿ ಸಿಗುವುದಿಲ್ಲ. ಅಷ್ಟರಲ್ಲಿ ಕರಪತ್ರದ ಫೋಟೋ ವಾಟ್ಸಾಪಿನಲ್ಲಿ ಬೆಳ್ತಂಗಡಿಯ ಲಾಯಿಲದವರೆಗೆ ತಲುಪಿತ್ತು.

ಭಾನುವಾರ ಸಭಾಭವನ ತುಂಬಿತು. ಕೆಲವರು ಉಳಿದದ್ದನ್ನು ಕಟ್ಟಿಕೊಂಡು ಹೋಗಲು ಡಬ್ಬಿಯನ್ನೂ ತಂದಿದ್ದರು. ಶೀರ್ಷಿಕೆಯ ಮೊದಲ ಪದವನ್ನು ಬೇರೆ ಅರ್ಥದಲ್ಲಿ ಓದಿಕೊಂಡ ಇಬ್ಬರು ಹಿಂಬಾಗಿಲ ಬಳಿ ಆಶಾವಾದಿಗಳಾಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮಾಷ್ಟ್ರ ಅಕ್ಕ. ಅವರದು ವ್ರತನಿಯಮದ ಜೈನ ಮನೆ. ಅಲ್ಲಿ ಮೀನನ್ನು ತಿನ್ನುವುದಿರಲಿ, ಹೆಸರು ಹಿಡಿದು ಕರೆಯುವುದೂ ಇಲ್ಲ.

"ಬಿಳಿ ರಕ್ತಕಣಕ್ಕೂ ಹಸಿವುಂಟು" ಎಂದು ಮಾಷ್ಟ್ರು ಆರಂಭಿಸಿದರು. ಸಭೆ ಸಹಾನುಭೂತಿಯಿಂದ ತಲೆದೂಗಿತು. "ಜಗಳಕ್ಕೆ ನಿಂತಾಗ ಅದು ಸಕ್ಕರೆಯನ್ನು ಗಬಗಬ ಸುಡ್ತದೆ. ಜಗಳ ಮುಗಿಸಿ ಗಾಯ ರಿಪೇರಿ ಮಾಡುವಾಗ ಕೊಬ್ಬನ್ನು ನಿಧಾನಕ್ಕೆ ಸುಡ್ತದೆ. ನೀವು ತಿಂದ ಎಣ್ಣೆ ಆ ಕಣದ ಪೊರೆಗೇ ಸೇರ್ತದೆ. ಜಗಳ ಬೇಗ ನಿಲ್ತದಾ, ಎಳೀತದಾ ಅನ್ನುವುದರಲ್ಲಿ ಅದಕ್ಕೂ ಒಂದು ಪಾಲು ಉಂಟು." ಹೀಗೆ ಸಾಗಿ, ಊತ ಇಳಿಯಲು ನೆರವಾಗುವ ಒಂದು ಜಾತಿಯ ಕೊಬ್ಬಿನವರೆಗೆ ಬಂದು, ಅದು ಎಲ್ಲಿ ಸಿಗುತ್ತದೆಂದು ಹೇಳದೆ ನಿಲ್ಲಿಸಿ, ಅಭ್ಯಾಸಬಲದಿಂದ ಕೇಳಿದರು: "ಪ್ರಶ್ನೆ ಉಂಟಾ?"

"ಊಟ ಯಾವಾಗ?" ಎಂದಿತು ಹಿಂಬಾಗಿಲು. ಇದನ್ನು ಮಾಷ್ಟ್ರು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಗ ನಡುವಿನ ಸಾಲಿನಿಂದ ಒಬ್ಬ ಹೆಂಗಸು ಎದ್ದರು. "ಮಾಷ್ಟ್ರೇ, ನೀವು ಹೇಳಿದ ಆ ಒಳ್ಳೆ ಕೊಬ್ಬು ಬೂತಾಯಿ ಮೀನಿನಲ್ಲಿ ಉಂಟಾ?"

ಜೀವಮಾನವಿಡೀ ಕಾದ ಪ್ರಶ್ನೆ ಬಂದಿತ್ತು. ಅಕ್ಕನೂ ಎದುರಿಗೇ ಇದ್ದರು. ಮಾಷ್ಟ್ರ ಕೈ ಜೇಬಿನ ಕಲೆಯನ್ನು ಮುಚ್ಚಿಕೊಂಡಿತು. ಅಗಸೆಬೀಜ ಎಂದು ಹೇಳಿ ಪಾರಾಗಬಹುದಿತ್ತು.

"ಉಂಟು" ಎಂದರು. "ಧಾರಾಳ ಉಂಟು. ನಾನು ತಿನ್ನುವುದು ಅಗಸೆ. ಅದರಲ್ಲಿರುವುದನ್ನು ಮೈ ಬದಲಾಯಿಸಿಕೊಳ್ಬೇಕು, ಸ್ವಲ್ಪವೇ ಬದಲಾಗ್ತದೆ. ಅಗಸೆ ನನ್ನ ವ್ರತ. ನೀವು ಕೇಳಿದ್ದು ವಿಜ್ಞಾನ. ಆದ್ರೆ ಬೂತಾಯಿಯನ್ನು ನಿನ್ನೆಯ ಎಣ್ಣೆಯಲ್ಲಿ ಹುರಿದು ನನ್ನ ಹೆಸರು ಹೇಳ್ಬೇಡಿ. ಹುಳಿ-ಖಾರ ಹಾಕಿ ಪುಳಿಮುಂಚಿ ಮಾಡಿ."

"ನಿನಗೆ ಪುಳಿಮುಂಚಿ ಹೇಗೆ ಗೊತ್ತು?" ಎಂದರು ಅಕ್ಕ. ಅದು ಎರಡನೆಯ ಪ್ರಶ್ನೆ.

"ಶಾಲೆಯಲ್ಲಿ ಇಷ್ಟು ವರ್ಷ ಪಂಡಿತರ ಬುತ್ತಿಯ ಪಕ್ಕ ಕೂತವ ನಾನು ಅಕ್ಕ. ಪರಿಮಳ ಗೊತ್ತು."

ಇಡೀ ಸಭೆ ನನ್ನತ್ತ ತಿರುಗಿತು.

ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆಂದು ಸಭಾಭವನದವರು ಗಂಜಿ ಬೇಯಿಸಿ ಖಾರದ ಚಟ್ನಿಯೊಂದಿಗೆ ಬಡಿಸಿದರು. ಅಲ್ಲಿಗೆ ಕರಪತ್ರದ ಮಾತೂ ಉಳಿಯಿತು. ಮರಳುವ ಬಸ್ಸಿನಲ್ಲಿ ಮಾಷ್ಟ್ರು ಊದಿದ ಮೊಣಕಾಲನ್ನು ನೀಡಿ ಕೂತು, "ಪ್ರಶ್ನೆ ಬಂತು ಪಂಡಿತರೇ" ಎಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೊಮ್ಮೆ ಅದನ್ನೇ ಹೇಳಿದರು. ಅಕ್ಕ ತಮ್ಮನಿಗೆ ಅಗಸೆ ಚಟ್ನಿ ಕಳಿಸುವುದನ್ನು ನಿಲ್ಲಿಸಲಿಲ್ಲ. ನನ್ನೊಡನೆ ಮಾತು ಬಿಟ್ಟರು.

ಕಳೆದ ಮಳೆಗಾಲದಲ್ಲಿ ಮಾಷ್ಟ್ರು ತೀರಿಕೊಂಡರು. ನಮ್ಮ ಮನೆಯಲ್ಲಿ ಒಮ್ಮೆ ಕರಿದ ಎಣ್ಣೆಯನ್ನು ಈಗ ಎರಡನೆಯ ಸಲ ಕಾಯಿಸುವುದಿಲ್ಲ.