ಸೂಲಗಿತ್ತಿಯ ಕಿವಿ

ಪುಟ್ಟೇನಹಳ್ಳಿಯ ಮುನಿಕೆಂಪಮ್ಮ ಎರಡು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದಳು; ಕರೆದವರ ಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದಳು. ಹೋದವಳು ಮೊದಲು ಗೋಡೆಗೊರಗಿ ಕೂತು ಎಲೆಯಡಿಕೆ ಹಾಕಿಕೊಳ್ಳುವಳು. ಬಸುರಿಯ ಹೊಟ್ಟೆ ಮುಟ್ಟುವುದೆಲ್ಲ ಆಮೇಲೆ. ಸುಮ್ಮನೆ ಕೇಳುತ್ತ ಕೂರುವಳು.

ನೋವಿನ ಒಂದೊಂದು ದನಿಗೂ ಅವಳ ಬಳಿ ಒಂದೊಂದು ಹೆಸರಿತ್ತು. ಶುರುವಿನದು ಗುನುಗು, ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಎಳೆಯುವುದು. ಗಂಟಲಿಗಿಳಿದರೆ ಮುಲುಗು. ಅದೇ ಉದ್ದವಾಗಿ ಕೊನೆಯಲ್ಲಿ ನಡುಗಿದರೆ ನರಳು. ಕಡೆಗೆ ಹೂಂಕಾರ: ಮೂಟೆ ಎತ್ತುವವರ ಹಾಗೆ ಉಸಿರು ಕಟ್ಟಿ ಹೊಟ್ಟೆಯಿಂದ ಬರುವುದು. ಅದು ಕಿವಿಗೆ ಬಿದ್ದಾಗಲೇ ಅವಳು ಎದ್ದು ಎಲೆಯಡಿಕೆ ಉಗಿದು, "ಈಗ ಮುಕ್ಕವ್ವ, ಕೆಳಿಕ್ಕೆ ನೂಕು" ಎನ್ನುತ್ತಿದ್ದಳು.

ಕಸುಬಿನ ಮೊದಲ ವರ್ಷ ಒಬ್ಬ ಬಸುರಿ ದನಿಯೇ ಹೊರಡಿಸದೆ ತುಟಿ ಕಚ್ಚಿ ಮಲಗಿಬಿಟ್ಟಿದ್ದಳು. ಮುನಿಕೆಂಪಮ್ಮ ಅಂದಾಜಿನ ಮೇಲೆ ಮುಕ್ಕಲು ಹೇಳಿದಳು. ಹೊತ್ತಿಗೆ ಮುಂಚೆಯೇ ಮುಕ್ಕಿ ಮುಕ್ಕಿ ಆ ಹೆಂಗಸು ಸೋತಳು; ಕೂಸು ಉಳಿಯಲಿಲ್ಲ. ಆಮೇಲೆ ಮುನಿಕೆಂಪಮ್ಮ ಅಂದಾಜಿನ ಗೊಡವೆಗೆ ಹೋಗಲಿಲ್ಲ.

ಐವತ್ತೇಳನೇ ಇಸವಿಯ ಒಂದು ಮಧ್ಯಾಹ್ನ ಯಲಹಂಕದ ವೆಂಕಟರಾಮಯ್ಯನವರ ಮನೆಯಿಂದ ಕರೆ ಬಂತು. ಸೊಸೆ ವೇದವತಿಗೆ ತವರಿನಲ್ಲಿ ತಾಯಿಯಿರಲಿಲ್ಲ, ಚೊಚ್ಚಲು ಇಲ್ಲೇ ಆಗಬೇಕಿತ್ತು. ಮಾವ ನೆಂಟರಿಬ್ಬರ ಜೊತೆ ನಡುಮನೆಯಲ್ಲಿ ಕೂತಿದ್ದರು. ಹೆರಿಗೆಯ ಕೋಣೆಗೂ ಅದಕ್ಕೂ ನಡುವೆ ಒಂದೇ ಬಾಗಿಲು. ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ಬೆವರುತ್ತಿದ್ದಳು.

"ಬಾಯಿ ಬುಡು ತಾಯಿ, ನಂಗೆ ಕೇಳ್ಬೇಕು."

ಹುಡುಗಿ ಆಗದೆಂದು ತಲೆಯಾಡಿಸಿದಳು.

"ಗಂಡಸರು ಕೂತಿದಾರೆ ಕಣೇ ಕೆಂಪಮ್ಮ," ಎಂದರು ಅತ್ತೆ ಸೀತಮ್ಮ. "ನಾನು ನಾಲ್ಕು ಹೆತ್ತೆ. ಪಕ್ಕದ ಕೋಣೆಗೆ ಒಂದು ಸದ್ದೂ ಕೇಳಿಸಲಿಲ್ಲ."

"ಎಷ್ಟು ಉಳೀತು ಅಮ್ಮೋರೆ?"

ಉಳಿದವನು ವೇದವತಿಯ ಗಂಡ ಒಬ್ಬನೇ.

ಮುನಿಕೆಂಪಮ್ಮ ಮೂಲೆಯಲ್ಲಿದ್ದ ಬೀಸುವ ಕಲ್ಲು ನೋಡಿದಳು. "ರಾಗಿ ಬೀಸಕ್ಕೆ ಕೂತ್ಕಳಿ. ಕಲ್ಲಿನ ಸದ್ದಲ್ಲಿ ಇವಳ ಸದ್ದು ಆಚೆಗೆ ಕೇಳಕಿಲ್ಲ. ನಾನು ಅತ್ರ ಕೂತು ಕೇಳ್ಕತೀನಿ."

"ಕೆಲಸದೋಳು ಇವತ್ತು ಬಂದಿಲ್ಲ."

"ಕೆಲಸದೋಳ ಮೊಮ್ಮಗುವಾ ಇದು?"

ಸೀತಮ್ಮ ಸೆರಗು ಸಿಕ್ಕಿಸಿ ಕೂತರು. ಕಲ್ಲು ಗುರ್ರೆಂದು ಮೊರೆಯಿತು. ವೇದವತಿಯ ಬಾಯಿಂದ ಸೆರಗು ಬಿತ್ತು. ಗುನುಗು, ಮುಲುಗು ಎರಡೂ ದಾಟಿಹೋಗಿದ್ದವು. ಬಂದದ್ದು ನರಳು, ಉದ್ದಕ್ಕೆ, ಕೊನೆಯಲ್ಲಿ ನಡುಗುತ್ತ.

"ಈಗ್ಲೇ ಮುಕ್ಬ್ಯಾಡ ಕಣವ್ವ, ತಡಿ," ಎಂದು ಮುನಿಕೆಂಪಮ್ಮ ಅವಳ ಬೆನ್ನು ನೀವಿದಳು.

ನಡುಮನೆಯಿಂದ ವೆಂಕಟರಾಮಯ್ಯ ಕೂಗಿದರು: "ಏನೇ ಇದು, ಈ ಹೊತ್ತಲ್ಲಿ ಬೀಸೋದು?"

"ಹಿಟ್ಟು ಮುಗಿದಿದೆ," ಎಂದರು ಸೀತಮ್ಮ, ಕೈ ನಿಲ್ಲಿಸದೆ.

ಗಂಟೆ ಕಳೆಯುವಷ್ಟರಲ್ಲಿ ಹೂಂಕಾರ ಬಂತು. "ಈಗ ಮುಕ್ಕು!" ಹೆಣ್ಣು ಕೂಸು, ಬಿದ್ದ ಕೂಡಲೇ ಅತ್ತಿತು.

ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಒರೆಸಿ ತಾಯಿಯ ಮಗ್ಗುಲಿಗಿಟ್ಟು, ಮುನಿಕೆಂಪಮ್ಮ ಕೈ ತೊಳೆದುಕೊಂಡಳು. ಕಲ್ಲು ಇನ್ನೂ ತಿರುಗುತ್ತಿತ್ತು. ಸಾಕು ಬಿಡಿ ಎನ್ನಲು ತಿರುಗಿದವಳು ನಿಂತಳು. ಮೊರೆತದ ಅಡಿಯಲ್ಲಿ ಇನ್ನೊಂದು ದನಿಯಿತ್ತು. ಸೀತಮ್ಮ ತಲೆ ತಗ್ಗಿಸಿ, ಮೊಣಕೈವರೆಗೆ ಹಿಟ್ಟಾಗಿ, ಒಂದೊಂದು ಸುತ್ತಿಗೂ ಮುಲುಗುತ್ತಿದ್ದರು.

ಮೊರದಲ್ಲಿ ರಾಗಿ ಮುಗಿಯುತ್ತ ಬಂದಿತ್ತು. ಮುನಿಕೆಂಪಮ್ಮ ಚೀಲದಿಂದ ಇನ್ನೊಂದು ಸೇರು ತಂದು ಸುರಿದಳು.