ಇದ್ದಿಲಿನ ಗೆರೆಯೊಳಗೆ ಮಲಗಿದವರು

ನೆಲಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತ ಕುಣಿಯುತ್ತಿದ್ದ ಹುಡುಗಿ ತಟ್ಟನೆ ನಿಂತು, ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಗಂಡನತ್ತ ಕೈ ಚಾಚಿದಳು. ಸಿಂದಗಿಯ ಕಾಲೇಜೊಂದರಲ್ಲಿ ನಡೆದ ಆ ನೃತ್ಯ ನನಗೆ ಮೊದಲಿನಿಂದಲೂ ಅರ್ಥವಾಗಿರಲಿಲ್ಲ. ಹಾಡಿರಲಿಲ್ಲ, ಕಥೆಯಿರಲಿಲ್ಲ, ಒಬ್ಬಾತ ಮೂಲೆಯಲ್ಲಿ ಕೂತು ಹಿತ್ತಾಳೆಯ ಅಗಲ ತಟ್ಟೆಯಾದ ಪರಾತವನ್ನು ಮೈಕಿನ ಮುಂದೆ ಉಜ್ಜುತ್ತಿದ್ದ.

ಬಟ್ಟೆ ಅಂಗಡಿ ನಡೆಸುವ ನಮ್ಮ ಯಜಮಾನರು ಮಗಳ ಮದುವೆಯಲ್ಲೂ ಕುಣಿದವರಲ್ಲ. ಎಲ್ಲಿ ಬೈದುಬಿಡುತ್ತಾರೋ ಎಂದು ಹೆದರಿದೆ. ಅವರು ಸುಮ್ಮನೆ ಎದ್ದು ಹೋಗಿ, ಅವಳು ತೋರಿಸಿದಲ್ಲಿ ಅಂಗಾತ ಮಲಗಿದರು. ಅವಳು ಅವರ ಮೈಸುತ್ತ ಗೆರೆ ಎಳೆದಳು. ಎದ್ದವರು ತಮ್ಮ ಆಕಾರವನ್ನು ಬಹಳ ಹೊತ್ತು ನೋಡಿ, ಅದನ್ನು ತುಳಿಯದಂತೆ ಸುತ್ತಿ ಬಂದು ಕೂತರು. ಕಣ್ಣುಗಳು ಒದ್ದೆಯಾಗಿದ್ದವು.

ಹೊರಗೆ ಬಂದ ಮೇಲೆ, "ಯಾಕ್ ಹೋದ್ರಿ?" ಎಂದು ಕೇಳಿದೆ.

"ನನಗೂ ತಿಳೀವಲ್ದು. ಖರೇ ಹೇಳ್ಲೇನು? ಅಲ್ಲಿ ಮಲಗಿದಾಂವನ್ನ ಬಿಟ್ಟು ಬರಾಕ ಮನಸ್ಸಾಗ್ಲಿಲ್ಲ" ಎಂದರು.

ಯಾರನ್ನು ಬಿಟ್ಟು ಬಂದರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಮರುದಿನ ಅವರು ಎಂದಿನಂತೆ ಅಂಗಡಿ ತೆರೆದು ಗಿರಾಕಿಗಳೊಂದಿಗೆ ಚೌಕಾಸಿಗೆ ಕೂತರು. ನಾನು ಮಾತ್ರ ಊಟಕ್ಕೆ ಬಡಿಸುವಾಗಲೆಲ್ಲ ಅವರ ಮುಖವನ್ನು ಕದ್ದು ನೋಡುತ್ತಿದ್ದೇನೆ.