ಹ್ಯಾಂಗ್ ಆದ ಹಸು

"ಮಕ್ಕಳ ಮುಂದೆ ಕಂಪ್ಯೂಟರ್ ಕೈಕೊಟ್ಟರೆ ಗಾಬರಿಯಾಗಬೇಡ ಮಾರಾಯ್ತಿ, ಐದು ನಿಮಿಷ ಸುಮ್ಮನೆ ಕೂತಿರು" ಎಂದು ನನಗೆ ಮೊದಲು ಹೇಳಿದವಳು ವಾರಿಜಕ್ಕ. ಆಗಿನ್ನೂ ಸಿ.ಡಿ.ಗಳ ಕಾಲ. ಶಿಶುವಿಹಾರಗಳಿಗೆ ಕಲಿಕೆಯ ಸಿ.ಡಿ. ಮಾರುವುದು ನಮ್ಮಿಬ್ಬರ ಕೆಲಸ. ಅವಳ ಮಾತನ್ನು ನಾನು ನಂಬಿರಲಿಲ್ಲ.

ಒಮ್ಮೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಒಂದು ಶಿಶುವಿಹಾರಕ್ಕೆ ಹೋದೆ. ಆ ತಿಂಗಳು ಒಂದು ಸಿ.ಡಿ.ಯೂ ಮಾರಿರಲಿಲ್ಲ, ಇಲ್ಲೂ ಬೇಡವೆಂದರೆ ಕೆಲಸ ಹೋದಂತೆಯೇ. ತರಗತಿಯ ಮಕ್ಕಳ ಮುಂದೆ ಸಿ.ಡಿ. ಹಾಕಿ ತೋರಿಸತೊಡಗಿದೆ. ಪರದೆಯ ಮೇಲಿನ ಹಸುವನ್ನು ಕ್ಲಿಕ್ ಮಾಡಿದರೆ ಅದು ಅಂಬಾ ಎನ್ನಬೇಕು. ನನ್ನ ಮೊದಲ ಕ್ಲಿಕ್ಕಿಗೇ ಹಸು ಬಾಯಿ ತೆರೆದುಕೊಂಡು ನಿಂತುಬಿಟ್ಟಿತು. ಮೌಸನ್ನು ಕುಟ್ಟಿದೆ, ಮನೆದೇವರನ್ನು ಕರೆದೆ. ಮುಖ್ಯಸ್ಥೆ ಹಂಸಾಬೆಹೆನ್ ಗಡಿಯಾರ ನೋಡಿದರು. ಬೇರೆ ದಾರಿಯಿಲ್ಲದೆ ವಾರಿಜಕ್ಕ ಹೇಳಿದಂತೆ ಸುಮ್ಮನೆ ಕೂತೆ.

ನಾಲ್ಕು ವರ್ಷದ ಪಿಂಕಿ ಎದ್ದು, ಥೇಟ್ ಆ ಹಸುವಿನ ಹಾಗೆ ಬಾಯಿ ತೆರೆದು ನಿಂತಳು. ಪಕ್ಕದವಳು ಅವಳ ಮೂಗು ಒತ್ತಿ "ಕ್ಲಿಕ್!" ಎಂದಳು.

"ಅಂಬಾ!"

ಮುಗಿಯಿತು, ಇಡೀ ತರಗತಿ ಮೂಗು ಒತ್ತುತ್ತಾ ಬೊಗಳಿತು, ಮಿಯಾಂವ್ ಎಂದಿತು. ಯಾರೋ ನನ್ನ ಮೂಗನ್ನೂ ಒತ್ತಿದರು, ನಾನು ಕತ್ತೆಯಾದೆ. ಹಂಸಾಬೆಹೆನ್ ಕೋಳಿಯಾದರು.

ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಳ್ಳುತ್ತಾ ಅವರು ಹೇಳಿದರು, "ತಗೋತೀನಿ ಬೆಹೆನ್. ಆದರೆ ಇದು ದಿನಾ ಹೀಗೇ ಹ್ಯಾಂಗ್ ಆಗುತ್ತೆ ತಾನೇ?"

"ಗ್ಯಾರಂಟಿ" ಎಂದೆ. ಆ ಕೆಲಸದಲ್ಲಿ ನಾನು ಅಷ್ಟು ಧೈರ್ಯವಾಗಿ ಹೇಳಿದ ಸತ್ಯ ಅದೊಂದೇ. ಪುಟ್ಟ ಮಕ್ಕಳಿಗೆ ಕಂಪ್ಯೂಟರ್ ಕೊಳ್ಳಲು ಹೊರಟವರು ಸಿಕ್ಕರೆ, ವಾರಿಜಕ್ಕನ ಮಾತನ್ನು ನೀವೂ ಅವರ ಕಿವಿಗೆ ಹಾಕಿ.